ಪಾಲು ಹಾಕುವ ಹೊತ್ತು

ಸಭಾಗೃಹದ ಮ್ಯಾನೇಜರ್ ಪೆಡ್ನೇಕರ್
ಕಾಗದವನ್ನು ನನ್ನ ಕಡೆ ಸರಿಸಿದ,
ಸತ್ತ ಹಾವನ್ನು ಕೋಲಿನಿಂದ ಸರಿಸಿದ ಹಾಗೆ.
'ಮುಂಬಯಿಯಿಂದ ಬಂದಿದೆ ಸುದೇಶಾ.
ಡಿಸೆಂಬರ್ ಮೂವತ್ತೊಂದರ ರಾತ್ರಿ ಇಲ್ಲಿ ಹಚ್ಚಿದ ಹಾಡುಗಳಿಗೆ
ಲೈಸೆನ್ಸ್ ಎಲ್ಲಿ ಅಂತ ಕೇಳ್ತಾರೆ.
ಹಾಡು ನಿನ್ನದು, ಉತ್ತರವೂ ನಿನ್ನದೇ.'

ಹಾಡು ನನ್ನದಲ್ಲ ಅಂತಲೇ ಅಲ್ಲವೇ ಕಾಗದ ಬಂದದ್ದು
ಅಂದೆ, ಮನಸ್ಸಿನಲ್ಲಿ.
ಬಾಯಿ ಅಂದದ್ದು ಬೇರೆ:
ಗೋಡೆ ನಿಮ್ಮದು, ಟಿಕೆಟ್ ಹರಿದದ್ದು ನೀವು,
ತಲೆಗೆ ಎಂಟುನೂರು, ಊಟ ಸೇರಿ.
ನಾನು ಟೆಂಪೋದಲ್ಲಿ ಬಂದವ, ಟೆಂಪೋದಲ್ಲೇ ಹೋದವ,
ನಾಲ್ಕು ಟಾಪು, ಎರಡು ಬೇಸು,
ಸುತ್ತಿದ ವೈರಿನ ಮೇಲೆ ನಿದ್ದೆ ಹೊಡೆಯುವ ಸಾಯಿನಾಥ, ಅಷ್ಟೇ ನನ್ನ ಸಂಸಾರ.

'ಮದುವೆಗಾದರೆ ಬೇಡವಂತೆ' ಎಂದ ಪೆಡ್ನೇಕರ್, ದನಿ ತಗ್ಗಿಸಿ.
'ಮದುವೆ ಅಂತ ಬರೆಯೋಣವಾ?'
ಹಳೇ ವರ್ಷವನ್ನು ಹೊಸ ವರ್ಷಕ್ಕೆ
ಧಾರೆ ಎರೆದೆವು ಅಂತಲಾ?
ಇಬ್ಬರೂ ನಕ್ಕೆವು. ಕಾಗದ ನಗಲಿಲ್ಲ.
ಫ್ಯಾನಿನ ಗಾಳಿಗೆ ಒಮ್ಮೆ ಅವನ ಕಡೆ ಮೂಲೆ ಎತ್ತಿತು,
ಒಮ್ಮೆ ನನ್ನ ಕಡೆ.

*

ಮುಂದಿನ ತಿಂಗಳು ಮಾಜಾಳಿಯ ಕಡಲ ದಂಡೆಯಲ್ಲಿ,
ಯಾರದೋ ಕೇಬಲ್ ಹಿಂದಿರುಗಿಸಲು ಹೋದವನಿಗೆ
ಕತ್ತಲೊಳಗಿಂದ ಅಮ್ಮ ಕೂಗಿದಳು:
ಘೇ ಗೊ ಬಾಯ್, ಘೇ... ಘೇ... ಘೇ...

ಅದು ನಾನು ಮಾಡಿದ್ದು.
ಕಾರವಾರದ ಮೀನುಪೇಟೆಯಲ್ಲಿ ಬಾಂಗಡೆ ಬುಟ್ಟಿಯ ಹಿಂದೆ
ಕೂತವಳ ಕೂಗನ್ನು ಮೊಬೈಲಿನಲ್ಲಿ ಹಿಡಿದು,
ಬಾಲ ಕತ್ತರಿಸಿ, ಕೆಳಗೆ ಡೋಲು ಇಟ್ಟು,
ಮೂರು ರಾತ್ರಿ ಕೂತು ಹದಕ್ಕೆ ತಂದದ್ದು.
ಪೆನ್‌ಡ್ರೈವಿನಲ್ಲಿ ಒಬ್ಬನಿಗೆ, ಒಬ್ಬನಿಗೇ, ಕೊಟ್ಟಿದ್ದೆ.

ಪರದೆಯ ಮೇಲೆ ಬೇರೆ ಯಾರದೋ ಹೆಸರು
ನೀಲಿಯಿಂದ ಗುಲಾಬಿಗೆ ತಿರುಗುತ್ತಿತ್ತು.
ಮರಳು ಹಾರುವಂತೆ ಕುಣಿಯುತ್ತಿದ್ದರು,
ಮೀನಿನ ವಾಸನೆಗೆ ಮೂಗು ಮುಚ್ಚುವವರು.

ಇದು ಯಾರದು, ಕೇಳಿದೆ.
ಡಿಜೆಯದು ಎಂದ ವಾಚ್‌ಮನ್.
ಅದೆಲ್ಲ ರಿಸಾರ್ಟಿನವರು ನೋಡಿಕೊಳ್ತಾರೆ ಎಂದ ಡಿಜೆ.
ರಿಸಾರ್ಟಿನವರು ಮಲಗಿದ್ದರು.
ನನ್ನ ಮಾತನ್ನೇ ನನಗೆ ತಿರುಗಿ ಕೊಟ್ಟರು, ಚಿಲ್ಲರೆ ಕೊಟ್ಟ ಹಾಗೆ.

*

'ನನ್ನ ಹಾಡು ಕದ್ದಿದ್ದಾರೆ' ಎಂದೆ ಬೆಳಿಗ್ಗೆ.
ಅಮ್ಮನ ಮೆಟ್ಟುಗತ್ತಿಯ ಮೇಲೆ ಇಸವಣ ಅರ್ಧಕ್ಕೆ ನಿಂತಿತು.
'ನಿನ್ನದಾ?'

ಆಮೇಲೆ, ಹೊಟ್ಟೆ ಬಗೆದು ತೊಳೆಯುತ್ತ:
'ನಿನ್ನ ಅಜ್ಜ ರಾಂಪಣಿ ಎಳೆದವ.
ಮೀನು ದಂಡೆಗೆ ಬಂತು ಅಂದರೆ ಮೊದಲು ಬಲೆಯ ವಾಂಟೊ,
ಆಮೇಲೆ ದೋಣಿಯದು, ಆಮೇಲೆ ಹಗ್ಗ ಹಿಡಿದವರದು.
ಬಲೆ ಹೆಣೆದ ಮುದುಕ
ಮನೆಯಲ್ಲಿ ಕೆಮ್ಮುತ್ತ ಬಿದ್ದಿದ್ದರೂ
ಅವನ ಬುಟ್ಟಿ ಅವನ ಬಾಗಿಲಿಗೆ ಹೋಗ್ತಿತ್ತು.
ಒಯ್ದು ಕೊಟ್ಟವಳು ನಾನೇ, ಏಳು ವರ್ಷದವಳು.
ನೀನು ಯಾರ ಬಾಗಿಲಿಗೆ ಹೋಗಿದ್ದೆ?'

ಮುಂಬಯಿಗೆ ಹೋದ ಬುಟ್ಟಿ ಯಾರ ಬಾಗಿಲು ಮುಟ್ಟುತ್ತದೆ
ನನಗೆ ಗೊತ್ತಿಲ್ಲ, ಅಂದೆ.
'ಅದನ್ನ ಕೇಳು. ಕೇಳಬೇಕಾದದ್ದೇ.
ಬುಟ್ಟಿ ಕಳಿಸಿದವ ಕೇಳಬಹುದು.'

ಆ ರಾತ್ರಿ ಮೂವತ್ತೊಂದರ ಹಾಡುಗಳನ್ನು ಬರೆದೆ.
ನಲವತ್ತಮೂರು.
ಮಾಡಿದವರ ಹೆಸರು ಗೊತ್ತಿದ್ದದ್ದು ಒಂಬತ್ತು.
ಪಟ್ಟಿ ಹಿಡಿದು ಪೆಡ್ನೇಕರನ ಎದುರು ಕೂತೆ:
ಆ ರಾತ್ರಿಯದು ಅರ್ಧ ನಿಮ್ಮದು, ಅರ್ಧ ನನ್ನದು.
ಇನ್ನು ಮುಂದೆ ಟಿಕೆಟ್ ಹರಿಯುವವರು ಲೈಸೆನ್ಸ್ ತರಲಿ,
ಹಾಡಿನ ಪಟ್ಟಿ ನಾನು ಕೊಡುತ್ತೇನೆ.
ಬರೆದೇ ಇಡೋಣ, ಬುಕಿಂಗ್ ಪುಸ್ತಕದಲ್ಲಿ.
ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.
'ಸೋಮವಾರ ನೋಡೋಣ' ಎಂದ.

ಅಮ್ಮನ ಪಾಲು ಇನ್ನೂ ಬಾಕಿ.
ಒಂದು ಐಸ್ ಪೆಟ್ಟಿಗೆ ಕೇಳಿದ್ದಾಳೆ, ಮುಚ್ಚಳ ಗಟ್ಟಿ ಇರಬೇಕಂತೆ.
ಮತ್ತೆ, 'ಆ ಘೇಯನ್ನ ಅಷ್ಟು ಬೇಗ ಓಡಿಸಬೇಡ.
ದಾಟಿ ಹೋದ ಗಿರಾಕಿ ತಿರುಗಿ ನೋಡುವಷ್ಟು
ಹೊತ್ತು ಬೇಕು ಅದಕ್ಕೆ.'