ಶೇಕಡಾ ಹದಿನಾಲ್ಕು

ಶೇಕಡಾ ಲೆಕ್ಕ ನನಗೆ ಹೊಸತಲ್ಲ ಸ್ವಾಮಿ.
ಇಪ್ಪತ್ತಾರು ವರ್ಷ ಕಲ್ಸಂಕದಿಂದ ಕಿನ್ನಿಮುಲ್ಕಿಯವರೆಗೆ
ಅಂಗಡಿ ಅಂಗಡಿಗೆ ಇಳಿದು ಹತ್ತಿ
ಪಿಗ್ಮಿ ಎತ್ತಿದವ ನಾನು.
ನೂರು ಎತ್ತಿದರೆ ಮೂರು ನನಗೆ.
ಹಾಗಾಗಿ ಅಜ್ಜರಕಾಡಿನ ಡಾಕ್ಟರು
ಬಲ ಮಣಿಕಟ್ಟನ್ನು ಆಚೆ ಈಚೆ ತಿರುಗಿಸಿ
"ಹದಿನಾಲ್ಕು ಶೇಕಡಾ, ಶಾಶ್ವತ" ಎಂದು ಬರೆದಾಗ
ಮನಸ್ಸಿನಲ್ಲೇ ಕೇಳಿಕೊಂಡೆ:
ಯಾವ ನೂರರಲ್ಲಿ?

ಬಾಗಿಲು. ಅಷ್ಟೇ ನೆನಪು.
ನಿಂತ ಕಾರು, ಮದುವೆ ಕಾಗದದ ಕಟ್ಟು ಹಿಡಿದ ಮನುಷ್ಯ,
ಹಿಂದೆ ನೋಡದೆ ತೆರೆದ ಬಾಗಿಲು,
ಮತ್ತೆ ಡಾಮರಿನ ಮೇಲೆ ನನ್ನ ಚೀಲ ಬಾಯ್ಬಿಟ್ಟು
ಹತ್ತರ ನಾಣ್ಯಗಳು ಚರಂಡಿಯ ಕಡೆ ಉರುಳುವ ಸದ್ದು.
ಎಲುಬು ಮುರಿದದ್ದು ಕೇಳಿಸಲಿಲ್ಲ;
ನಾಣ್ಯದ್ದು ಕೇಳಿಸಿತು.
ಹೂವಿನ ಅಕ್ಕು ಸೆರಗಿನಲ್ಲಿ ಆರಿಸಿ ತಂದಳು.
ಲೆಕ್ಕದಲ್ಲಿ ಮೂವತ್ತು ಕಡಿಮೆ.
ಅದನ್ನು ನಾನೇ ತುಂಬಿದೆ.
ಅರ್ಜಿಯಲ್ಲಿ ಆ ಮೂವತ್ತು ಇಲ್ಲ.

ಅರ್ಜಿಯಲ್ಲಿ ಬೇರೆ ಏನೇನೋ ಉಂಟು.
ನೋವು ಮತ್ತು ಸಂಕಟಕ್ಕೆ ಒಂದು ಸಾಲು.
ನೋವು ಬೇರೆ, ಸಂಕಟ ಬೇರೆಯಾ ಎಂದು ಕೇಳಿದ್ದಕ್ಕೆ
ನನ್ನ ವಕೀಲ ಶೇರಿಗಾರರು ಕನ್ನಡಕ ತೆಗೆದು ಒರೆಸಿದರು.
ಪೌಷ್ಟಿಕ ಆಹಾರಕ್ಕೆ ಒಂದು ಸಾಲು:
ಆ ಮೂರು ತಿಂಗಳು ಉಂಡದ್ದು ಗಂಜಿ, ಒಣಮೀನಿನ ಚಟ್ನಿ.
ಆರೈಕೆ ಮಾಡಿದವರ ಖರ್ಚು ಎಂದು ಇನ್ನೊಂದು.
ಸುಗಂಧಿಗೆ ಓದಿ ಹೇಳಿದೆ.
ಬೀಡಿ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು
ನನ್ನ ಅಂಗಿಯ ಗುಂಡಿ ಹಾಕಿದವಳು
"ರಶೀದಿ ಕೊಡ್ಬೇಕಾ ನಾನು?" ಅಂದಳು.
ನಗೆಯೋ ಸಿಟ್ಟೋ ಗೊತ್ತಾಗಲಿಲ್ಲ.

ವಿಮೆಯ ಕಡೆಯ ವಕೀಲರು ಸಣ್ಣ ಪ್ರಾಯದವರು, ಒಳ್ಳೆಯ ಇಸ್ತ್ರಿ.
"ಸೈಕಲಿಗೆ ಬೆಲ್ ಇತ್ತಾ?"
ಇತ್ತು.
"ಹೊಡೆದಿರಾ?"
ಎಂಥ ಹೇಳುವುದು.
ಆ ಬೆಲ್ ಕೇಳಿದರೆ
ಚಪ್ಪಲಿ ಹೊಲಿಯುವ ಬೂದ ಸೂಜಿ ಬಿಟ್ಟು ಡಬ್ಬಿಗೆ ಕೈ ಹಾಕುತ್ತಿದ್ದ,
ಜೆರಾಕ್ಸಿನ ಲವೀನಾ ಒಳಗಿಂದಲೇ
"ಇವತ್ತು ಇಪ್ಪತ್ತು ಬರ್ಕೊಳ್ಳಿ" ಅನ್ನುತ್ತಿದ್ದಳು,
ಕೊಡಲಿಕ್ಕೆ ಇಲ್ಲದವರು ಹಿಂಬದಿಗೆ ಜಾರುತ್ತಿದ್ದರು.
ಇಡೀ ಬೀದಿಗೆ ಗೊತ್ತಿದ್ದ ಬೆಲ್
ಒಬ್ಬನಿಗೆ ಗೊತ್ತಿರಲಿಲ್ಲ.
"ಹೌದು ಅಥವಾ ಇಲ್ಲ" ಎಂದರು.
ನೆನಪಿಲ್ಲ, ಎಂದೆ.
ಬರೆದುಕೊಂಡರು.

ಪ್ರಾಯ ಐವತ್ತಮೂರು; ಅದಕ್ಕೆ ಗುಣಕ ಹನ್ನೊಂದು.
ಹನ್ನೊಂದು ವರ್ಷದ ದುಡಿಮೆ ಉಳಿದಿತ್ತು ಎಂದು
ಜಾತಕ ಬರೆಯುವವರೂ ಇಷ್ಟು ಖಡಾಖಂಡಿತ ಹೇಳಿದ್ದಿಲ್ಲ.

ಲೋಕ ಅದಾಲತಿನಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೆ ನಿಂತಿತು.
"ತೆಗೊಳ್ಳಿ ತನಿಯಪ್ಪಣ್ಣ, ಎಳೆದರೆ ಇನ್ನೂ ಮೂರು ವರ್ಷ."
ಬಡ್ಡಿ?
"ರಾಜಿಯಲ್ಲಿ ಬಡ್ಡಿ ಅಂತ ಬೇರೆ ಇಲ್ಲ ಮಾರಾಯ್ರೆ."
ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿ ಸಿಗದು ಎಂದು
ಎಷ್ಟು ಜನರಿಗೆ ಹೇಳಿಲ್ಲ ಈ ಬಾಯಿ.
ಮುರಿದದ್ದು ನನ್ನದೇ ಕೈ. ಸರಿ.
ಬೆಂಚಿನಲ್ಲಿ ಕೂತು ದಿನಕ್ಕೆ ಹತ್ತರಂತೆ ಲೆಕ್ಕ ಹಾಕಿದೆ:
ಹದಿಮೂರು ಸಾವಿರ ದಿನ.
ಎತ್ತಿ ಮುಗಿಸಲಿಕ್ಕೆ ಎಂಬತ್ತೆಂಟು ದಾಟಬೇಕು ನಾನು.

ರುಜು ನಡುಗಿತು, ಹಳೆಯದಕ್ಕೆ ತಾಳೆಯಾಗಲಿಲ್ಲ.
ಹೆಬ್ಬೆಟ್ಟು ಒತ್ತಿಸಿಕೊಂಡರು.
ಎಷ್ಟೋ ಮಂದಿಯ ಹೆಬ್ಬೆರಳನ್ನು
ನಾನು ಹಿಡಿದು ಒತ್ತಿಸಿದ್ದುಂಟು;
ಅವರ ಕೈ ಬಿಗಿಯಾಗುತ್ತಿದ್ದದ್ದು ಯಾಕೆಂದು
ಈಗ ಗೊತ್ತಾಯಿತು.

ಸೈಕಲ್ ಠಾಣೆಯ ಹಿಂದೆ, ಸುಟ್ಟ ರಿಕ್ಷಾದ ಪಕ್ಕ.
ಸೀಟಿನ ಅಡಿಗೆ ಕಣಜ ಗೂಡು ಕಟ್ಟಿತ್ತು.
ಶಾಯಿ ಹೋಗದ ಎಡ ಹೆಬ್ಬೆರಳಿನಿಂದ
ಬೆಲ್ ಒತ್ತಿ ನೋಡಿದೆ, ಸುಮ್ಮನೆ.
ಕಂಪೌಂಡಿನಾಚೆ ಸೋಡಾ ಗಾಡಿಯ ಹೆಂಗಸು
ತಿರುಗಿಯೂ ನೋಡದೆ
ಹಣದ ಡಬ್ಬಿಯ ಮುಚ್ಚಳ ತೆಗೆದಳು.