ಹೆಪ್ಪು

ನಾಲ್ಕಕ್ಕೆ ಏಳುತ್ತೇನೆ ಅನ್ನುವುದು ಸುಳ್ಳು.
ಮೊದಲು ಕೈ ಏಳುತ್ತದೆ, ನಾನು ಆಮೇಲೆ.
ಕುತಾಯಿಸಿಯ ಈ ಓಣಿಯಲ್ಲಿ ಆ ಹೊತ್ತಿಗೆ
ದೀಪ ಎರಡೇ ಕಡೆ:
ಹೆರಿಗೆ ಆಸ್ಪತ್ರೆ, ನನ್ನ ಬ್ರೆಡ್ಡಿನ ಅಂಗಡಿ.

ಹಿಟ್ಟು, ನೀರು, ಉಪ್ಪು,
ನಿನ್ನೆಯ ಕಣಕದಿಂದ ಎತ್ತಿಟ್ಟ ಒಂದು ಮುಷ್ಟಿ ಹೆಪ್ಪು.
ನಾದುತ್ತೇನೆ, ಭುಜ ಸಾಕೆನ್ನುವವರೆಗೆ,
ಆಮೇಲೂ ಸ್ವಲ್ಪ.
ಒದ್ದೆ ಬಟ್ಟೆ ಹೊದಿಸಿದರೆ ಮುಗಿಯಿತು.
ಇನ್ನು ನಲವತ್ತು ನಿಮಿಷ
ಉಬ್ಬುವುದು ಅದರ ಕೆಲಸ, ಕಾಯುವುದು ನನ್ನದು.

ಗುರಾಮ್ ಇದ್ದಾಗ ಆ ಹೊತ್ತು ಇಸ್ಪೀಟು.
ಸೋತು ಎಂದೂ ಎದ್ದವನಲ್ಲ ನನ್ನ ಗಂಡ,
ಒಂದು ಸಲ, ಗೆಲ್ಲುತ್ತಿದ್ದಾಗಲೇ, ಎದ್ದು ಹೋದ.
ಎಲೆ ಯಾರಿಗೆ ಹಂಚಲಿ?
ಹಿಟ್ಟಿನ ಬಿಲ್ಲಿನ ಬೆನ್ನಿಗೆ ಪೆನ್ಸಿಲ್ ಊರಿದೆ.

ಶುರುವಿನಲ್ಲಿ ಬಲು ಜೋರು.
ಕೆಂಪು ಗೆರೆ ಎಳೆದು ವೇಳಾಪಟ್ಟಿ ಮಾಡಿದೆ:
ಸೋಮವಾರ ನದಿಯ ಬಗ್ಗೆ, ಮಂಗಳವಾರ ಅಮ್ಮನ ಬಗ್ಗೆ,
ಗುರುವಾರ ಏನಾದರೂ ನಗು ಬರುವಂಥದ್ದು.
ಗುರುವಾರ ನಗು ಬರಲಿಲ್ಲ.
ಪಟ್ಟಿ ಮೊಳೆಗೆ ನೇತಾಡಿತು,
ಅದರ ಕೆಳಗೆ ಮೂಟೆಗೊರಗಿ ನಾನು ಗೊರಕೆ.
ಎಚ್ಚರಾದಾಗ ಕಣಕ ಪಾತ್ರೆ ದಾಟಿ
ನನ್ನ ಚಪ್ಪಲಿಯವರೆಗೆ ಬಂದಿತ್ತು.

ಹಿಟ್ಟೇ ಕಲಿಸಿತು ಕೊನೆಗೆ:
ಎಲ್ಲವನ್ನೂ ಸುಟ್ಟುಬಿಡಬೇಡ, ಒಂದು ಮುಷ್ಟಿ ಉಳಿಸು.
ಅಂದಿನಿಂದ ಕಡೆಯ ವಾಕ್ಯ ಮುಗಿಸುವುದಿಲ್ಲ.
'ಅಷ್ಟರಲ್ಲಿ ಬಾಗಿಲ ಹತ್ತಿರ' ಅಂತ ನಿಲ್ಲಿಸಿ ಏಳುತ್ತೇನೆ.
ಮಾರನೆಯ ದಿನ ಆ ಬಾಗಿಲು ತೆರೆದೇ ಇರುತ್ತದೆ,
ಒಳಗೆ ಬರುವವರು ಯಾರೋ ನನಗೂ ಗೊತ್ತಿರುವುದಿಲ್ಲ.
ಒಮ್ಮೆ ಆಡು ಬಂತು.

ಬರೆದದ್ದನ್ನು ಕಿಟಕಿಗೆ ಅಂಟಿಸುತ್ತೇನೆ, ಅಂಟೂ ಹಿಟ್ಟಿನದೇ.
ಟ್ಯಾಕ್ಸಿಯ ಜುಂಬೆರ್ ತುಟಿಯಾಡಿಸಿ ಓದುತ್ತಾನೆ.
ಶಾಲೆಗೆ ಹೋಗುವ ತೆಕ್ಲಾ
ನನ್ನ ತಪ್ಪು ಅಕ್ಷರ ತಿದ್ದಿ, ಹತ್ತಕ್ಕೆ ಆರು ಅಂಕ ಹಾಕುತ್ತಾಳೆ.
ಹೆಚ್ಚಿನವರು ಚಿಲ್ಲರೆ ಎಣಿಸುತ್ತಾ ಹೊರಟುಬಿಡುತ್ತಾರೆ.
ಕೆಲವು ದಿನ ಹಾಳೆಯಲ್ಲಿ ಇಷ್ಟೇ:
'ಇವತ್ತು ಏನೂ ಹೊಳೆಯಲಿಲ್ಲ. ಉಪ್ಪು ಸರಿಯಾಗಿದೆ.'
ಅದನ್ನೂ ಅಂಟಿಸುತ್ತೇನೆ.
ಬ್ರೆಡ್ಡು ಸಪ್ಪೆಯಾದ ದಿನವೂ ಅಂಗಡಿ ತೆರೆಯುತ್ತೇನಲ್ಲ.

ಕಳೆದ ಚಳಿಗಾಲ, ಒಲೆಯ ಬಾವಿಗೆ ಬಗ್ಗಿದಾಗ
ಬಲಗೈ ಗೋಡೆಗೆ ತಾಗಿತು.
ಹನ್ನೊಂದು ದಿನ ಬೀಗ. ಹನ್ನೊಂದು ದಿನ ಬರಿ ಗಾಜು.
ಯಾರಾದರೂ ಕೇಳಿಯಾರು ಅಂದುಕೊಂಡಿದ್ದೆ.
ಬ್ರೆಡ್ಡು ಕೇಳಿದರು. ಹಾಳೆ ಯಾರೂ ಕೇಳಲಿಲ್ಲ,
ಜುಂಬೆರ್ ಕೂಡ.
ಸುಟ್ಟ ಗಾಯಕ್ಕಿಂತ ಹೆಚ್ಚು ಚುರುಗುಟ್ಟಿತು ಅದು, ಎರಡು ದಿನ.
ಮೂರನೆಯ ದಿನ ಹಗುರಾದೆ:
ಯಾರೂ ಕಾಯುತ್ತಿಲ್ಲ ಅಂದರೆ
ಇದು ಯಾರ ಸಾಲವೂ ಅಲ್ಲ.

ಹೆಪ್ಪು ಮಾತ್ರ ಸತ್ತಿತ್ತು. ಬೂದು ಬಣ್ಣ, ಕೆಟ್ಟ ವಾಸನೆ.
ಬಟ್ಟಲು ಹಿಡಿದು ರಿಯೋನಿ ದಾಟಿ
ಲಾಮಾರಾಳ ಮನೆಗೆ ಹೋದೆ.
'ಇದು ನಿನ್ನದೇ,' ಅಂದಳು, 'ಕರೆಂಟಿಲ್ಲದ ಆ ವರ್ಷಗಳಲ್ಲಿ
ಕೊಟ್ಟಿದ್ದೆಯಲ್ಲ. ದಿನಾ ಎತ್ತಿಡುತ್ತಾ ಬಂದೆ.'
ನನಗೆ ನೆನಪೇ ಇರಲಿಲ್ಲ.

ಮರಳಿ ಬಂದು ಎಡಗೈಯಲ್ಲಿ ಬರೆದೆ.
ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು.
ಎಲ್ಲಿಂದ ಶುರು? ಹಳೆಯ ಬಿಲ್ಲು ತಿರುವಿದೆ.
'ಅವಳು ಕದ ತಟ್ಟುವ ಮೊದಲು' ಅಂತ ನಿಂತಿತ್ತು.
ತಟ್ಟಿದಳು, ಅಂತ ಬರೆದೆ.

ಈಗ ಬಟ್ಟೆ ಸರಿಸಿ ನೋಡುವ ಹೊತ್ತು.
ಬೆರಳೂರಿದ ಗುಳಿ ಥಟ್ಟನೆ ತುಂಬಿದರೆ ಇನ್ನೂ ಕಾಯಬೇಕು,
ತುಂಬದೇ ಹೋದರೆ ತಡವಾಯಿತು,
ಮೆಲ್ಲಗೆ, ಒಲ್ಲದ ಮನಸ್ಸಿನಿಂದೆಂಬಂತೆ ತುಂಬಿದರೆ ಹದ.
ನನಗೆ ಗೊತ್ತಿರುವ ಗಡಿಯಾರ ಇದೊಂದೇ.

ಆರಕ್ಕೆ ಹೊರಗೆ ಟ್ಯಾಕ್ಸಿ ನಿಲ್ಲುತ್ತದೆ.
ಬಿಸಿ ಬ್ರೆಡ್ಡಿನ ಮೊನಚು ತುದಿ ಮುರಿದು ಬಾಯಿಗಿಟ್ಟು
(ಎಲ್ಲರೂ ಹಾಗೆಯೇ, ಮನೆ ಮುಟ್ಟುವವರೆಗೆ ತಡೆಯುವುದಿಲ್ಲ)
ಜುಂಬೆರ್ ಗಾಜಿಗೆ ಮೂಗು ತಾಗಿಸುತ್ತಾನೆ,
ಅಗಿಯುತ್ತಲೇ ಕೇಳುತ್ತಾನೆ:
'ತ್ಸಿಯಾಲಾ, ಆ ಆಡು ಆಮೇಲೆ ಏನಾಯಿತು?'