ನಿದ್ದಿ ಮಂತ್ರ

ಮಳಸಿದ್ಧ, ನೀ ಸತ್ತದ್ದು ಇದು ಆರನೇ ಸಲ.
ಅದೂ ಒಂದು ಇಲಿ ಸಲವಾಗಿ.
ಮೊದಲ ನೆಲಮಾಳಿಗಿ, ಮೊದಲ ಬಾಗಿಲಾ,
ಇದ್ದೊಂದು ಬೆಂಕಿಯುಂಡಿ ತಗದು ಒಗದಿ,
ಅದು ಗ್ವಾಡಿಗೆ ಬಡದು ತಿರುಗಿ ಬಂದು
ನಿನ್ನ ಗಡ್ಡಾನೇ ಸುಟ್ಟಿತು.
ಇಲಿ ಬಂತಂತ ಮನಿಗೆ ಬೆಂಕಿ ಇಟ್ಟವರ ಗಾದಿಮಾತು
ನಿಮ್ಮವ್ವ ನಿನಗ ಹೇಳಿಲ್ಲೇನು?

ಬಾ, ಕುರ್ಚಿ ಎಳಕೋ.
ದುಧನಿ ಕಡೆಯ ಕಡೀ ಬಸ್ಸು ಹೋತು,
ಅಕ್ಕಲಕೋಟಿ ಪೂರಾ ಮಲಗೇದ.
ಏಳನೇ ಖೋಲಿಯವರು ಬಿಸಿನೀರು ಕೇಳೂದು ನಾಕಕ್ಕ,
ಅಲ್ಲೀತನಕ ಈ ಲಾಜಿನ ಕಂಪ್ಯೂಟರು ನಮ್ಮದು.

ಮಂತ್ರವಾದಿ ಅಂದ್ರ ಏನಂತ ತಿಳಿದಿ?
ಕೋಲು, ಗಡ್ಡ, ನೀಲಿ ನಿಲುವಂಗಿ?
ಹಪ್ಪಳದಂಥ ಎಲುಬು ಅವಂದು.
ಕತ್ತಿಯವ ಹತ್ತು ಏಟು ತಿಂದು ನಗತಾನ,
ಇವನಿಗೆ ಒಂದು ಸಾಕು.
ನನಗ ಗೊತ್ತದ ಆ ಮೈ.
ಸಾಲ್ಯಾಗ ಎಲ್ಲಾರೂ ಕಬಡ್ಡಿ ಆಡೂವಾಗ
ದಮ್ಮು ಹತ್ತಿ ಗೆರಿ ಆಚೆ ಕುಂತು
ಅವರ ಚಪ್ಪಲಿ ಕಾಯತಿದ್ದೆ.
ಚಪ್ಪಲಿ ಕಾಯೂವವಗ ಆಟ ಪೂರಾ ಕಾಣತದ:
ಯಾರ ಬಲಗಾಲು ಸೋತದ,
ಯಾರು ನಡುವ ಉಸಿರು ಕದ್ದರು.
ಅಲ್ಲೇ ನಿಲ್ಲಿಸು ನಿನ್ನ ಮಂತ್ರವಾದೀನ,
ಗೆರಿ ಆಚೆ.

ಢಾಲು ಹಿಡದ ಹೆಣ್ಣುಮಗಳನ್ನ
ಬಾಗಿಲ ಸಂದಿಯೊಳಗ ನಿಲ್ಲಿಸು,
ಬಂದರ ಒಬ್ಬೊಬ್ಬರೇ ಬರಬೇಕು ಹಂಗ.
ಆಕಿ ಬೆನ್ನಿಗೆ ಬೆಂಕಿ ತಾಕಿದರ
ಅದು ವೈರಿ ಹಚ್ಚಿದ್ದಲ್ಲ, ನೀ ಹಚ್ಚಿದ್ದು.

ಆ ನೀಲಿ ಪಟ್ಟಿ ನೋಡು,
ನಮ್ಮ ಇನ್ವರ್ಟರ್ ಇದ್ದಂಗ ಅದು.
ಕರೆಂಟು ಹೋದಾಗ ಫ್ಯಾನು, ಟಿವಿ, ಬೋರ್ಡಿನ ದೀಪ
ಎಲ್ಲಾ ಹಚ್ಚಿ ಮೆರದಿ ಅಂದ್ರ
ನಸಿಕಿನ್ಯಾಗ ಮುದುಕರು ಕತ್ತಲದಾಗ ಮೆಟ್ಟಲಾ ಇಳೀಬೇಕು.
ಒಂದು ಬಲ್ಬಿನಷ್ಟು ಉಳಿಸು, ಯಾವಾಗಲೂ.

ಮತ್ತ ಮಲಗೂ ಮುಂಚೆ ಮಂತ್ರ ಆರಿಸಬೇಕು, ನಾಕೇ.
ನಾಳೆ ಏನು ಎದುರಾಗತದೋ ಯಾರು ಬಲ್ಲರು.
ನಾನೂ ದಿನಾ ಆರಸ್ತೀನಿ:
ತಹಸೀಲ ಕಚೇರಿಗೆ ಮರಾಠಿ, ಲಾರಿಯವರಿಗೆ ಹಿಂದಿ,
ಸೊಲ್ಲಾಪುರದ ಡಾಕ್ಟರಿಗೆ ಮುರುಕು ಇಂಗ್ಲಿಷು.
ಕನ್ನಡಾನ ಆರಿಸೂದಿಲ್ಲ,
ಅದು ಕಿಸೆದಾಗ ಚಿಲ್ಲರ ಇದ್ದಂಗ ಇರತದ.

ಅಯ್ಯ, ನಿದ್ದಿ ಮಂತ್ರ ಯಾಕ ತಗೀತಿ?
ಮೊದಲ ಮೆಟ್ಟಿಲಿಂದು ಅಂತ ನಗಬ್ಯಾಡ.
ಬೆಂಕಿ ಒಬ್ಬನ್ನ ಸುಡತದ,
ಅದು ಗುಂಪಿಗೆ ಗುಂಪೇ ಮಲಗಸ್ತದ.
ಆದರ ಸಮಯಾ ನೋಡಿ ಹೇಳಬೇಕು.
ಮಾತು ಆಡಿದರ ಹೋತು, ಮುತ್ತು

ಒಡದರ ಅನ್ನೂದರಾಗ ಗ್ರಿಲ್ಲು ಗಡಗಡ.
ಕುಡದವ. ಎತ್ತರ ಆಳು. ಕೈಯಾಗ ಕಲ್ಲು.
ಖೋಲಿ ಬೇಕಂತ ಮರಾಠಿಯಾಗ ಬೈಗುಳ.
ನಾ ಎದ್ದೆ. ಎದ್ದ ಕೂಡಲೇ ದಮ್ಮು.
ಪಂಪು ಡ್ರಾವರಿನಾಗ, ಕೀಲಿ ಎಲ್ಲೋ.

ಮಳಸಿದ್ಧ ಗ್ರಿಲ್ಲಿನ ಹತ್ತಿರ ಹೋಗಲಿಲ್ಲ.
ಕುರ್ಚಿ ಅಡ್ಡ ದೂಡಿದ.
ಹೊರಗಿನ ಬೋರ್ಡಿನ ದೀಪ ಆರಿಸಿದ.
ಕತ್ತಲದಾಗ ಆ ಆಳು ಎಡವಿ, ಯವ್ವಾ, ಅಂದದ್ದು
ನನಗ ಕೇಳಲಿಲ್ಲ, ಅವನಿಗೆ ಕೇಳಿತು.
ಆಮ್ಯಾಲ ಒಂದೇ ಒಂದು, ಮೆಲ್ಲಕ:
ಕಾಕಾ, ಯಾವೂರು? ಉಂಡಿಯೋ ಇಲ್ಲೋ?

ಕಲ್ಲು ಎಲ್ಲಿ ಬಿತ್ತೋ.
ಇಂಡಿ ಕಡೆಯ ಯಾವುದೋ ಹಳ್ಳಿ ಹೆಸರು ಹೇಳಿದ,
ಅರ್ಧಾ ಹೇಳಿದ,
ಗ್ರಿಲ್ಲಿಗೆ ತಲಿ ಆನಿಸಿ ಗೊರಕಿ ಹೊಡದ.

ಪರದೆ ಮ್ಯಾಲ ಇಲಿ ನಿಂತಲ್ಲೇ ನಿಂತಿತ್ತು,
ಮಂತ್ರವಾದಿ ಎತ್ತಿದ ಕೈ ಎತ್ತಿದಂಗೇ.
ಪಂಪು ಎಳಕೊಂಡು ನಾ ರಜಿಸ್ಟರಿನಾಗ ಬರದೆ, ಮರಾಠಿಯಾಗ:
ಒಬ್ಬರು. ಮೆಟ್ಟಿಲಿನ ಮ್ಯಾಲ. ಬಾಡಿಗಿ ಇಲ್ಲ.

ಶಾಣ್ಯಾ ಆದಿ ನೀ, ಅನ್ನಬೇಕಂತ ತಿರುಗಿದೆ.
ಮಳಸಿದ್ಧ ಆಗಲೇ ಕುರ್ಚಿ ಮ್ಯಾಲ,
ತುಟಿ ಕಚ್ಚಿಕೊಂಡು
ಇಲಿಗೆ ಬೆಂಕಿಯುಂಡಿ ಒಗ್ಯಾಕತ್ತಿದ್ದ.

ಏಳನೇ ಸಲ.